ಪೆನ್ಸಿಲ್, ಪಂಚಾಂಗ, ಪುಟಸಂಖ್ಯೆ: ಸ್ವಂತ ಪ್ರಕಾಶನದ ಹಾರರ್, ಥ್ರಿಲ್ಲರ್, ಫ್ಯಾಂಟಸಿಗಳಿಗೆ ವಿಮರ್ಶೆ ಬರೆಯುವ ಬಗೆ

ಶಿರಸಿಯಲ್ಲೋ ಕಾರವಾರದಲ್ಲೋ ಕೂತು ಬರೆದ ದೆವ್ವದ ಕಾದಂಬರಿಯೊಂದು ಲೇಖಕರ ಸ್ವಂತ ಖರ್ಚಿನಲ್ಲಿ ಅಚ್ಚಾಗಿ ಬಂದರೆ ಅದಕ್ಕೆ ಸಿಗುವುದು ಸಾಮಾನ್ಯವಾಗಿ ಎರಡೇ ಬಗೆಯ ಮಾತು. ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ "ಸೂಪರ್, ಓದಿಸಿಕೊಂಡು ಹೋಗುತ್ತದೆ" ಎನ್ನುತ್ತಾರೆ. ಗಂಭೀರ ಸಾಹಿತ್ಯದವರು "ಇದು ಪತ್ತೇದಾರಿ ಜಾತಿಯದು" ಎಂದು ಪಕ್ಕಕ್ಕಿಡುತ್ತಾರೆ. ದುಡ್ಡು ಕೊಟ್ಟು ಕೊಳ್ಳುವ ಓದುಗನಿಗೆ ಎರಡೂ ದಂಡ. ಅವನಿಗೆ ಬೇಕಾದದ್ದು ಸರಳ: ಹೆದರಿಕೆ ಆಗುತ್ತದೆಯೇ, ಕೊಲೆಗಾರ ಯಾರೆಂದು ಅರ್ಧಕ್ಕೇ ಗೊತ್ತಾಗಿಬಿಡುತ್ತದೆಯೇ, ಮಂತ್ರದ ಲೋಕವನ್ನು ನಂಬಬಹುದೇ?

ಇಂಥ ಪುಸ್ತಕ ತನ್ನ ಮೊದಲ ಇಪ್ಪತ್ತು ಮೂವತ್ತು ಪುಟಗಳಲ್ಲಿ ಓದುಗನಿಗೆ ಒಂದು ಮಾತು ಕೊಡುತ್ತದೆ. ಆ ಮಾತು ಯಾವುದು, ಅದನ್ನು ಉಳಿಸಿಕೊಂಡಿತೇ, ತಪ್ಪಿದ್ದರೆ ಯಾವ ಪುಟದಲ್ಲಿ ತಪ್ಪಿತು ಎಂದು ಹೇಳಲು ಬಂದರೆ ಅದು ವಿಮರ್ಶೆ. ಪುಟಸಂಖ್ಯೆ ಕೊಡಲಾಗದ ಅಭಿಪ್ರಾಯವನ್ನು ಬರೆಯಲೇಬೇಡಿ. ಈ ಒಂದು ಶಿಸ್ತು ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಓದುವ ಮೊದಲು

ಪ್ರತಿ ಕೊಂಡದ್ದೋ ಲೇಖಕರು ಕೊಟ್ಟದ್ದೋ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಪುಕ್ಕಟೆ ಬಂದಿದ್ದರೆ ವಿಮರ್ಶೆಯಲ್ಲಿ ಒಂದು ಸಾಲು ಇರಲಿ: "ಈ ಪ್ರತಿಯನ್ನು ಲೇಖಕರು ಕೊಟ್ಟಿದ್ದಾರೆ." ಜಾಲತಾಣದಲ್ಲಿ ಬರೆಯುವುದಾದರೆ ಇದು ಬರೀ ಸೌಜನ್ಯವಲ್ಲ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿ ಪುಕ್ಕಟೆ ಪಡೆದ ವಸ್ತುವಿನ ಬಗ್ಗೆಯೂ ಹೇಳಿಕೊಳ್ಳಬೇಕು ಎನ್ನುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪುಕ್ಕಟೆ ಪ್ರತಿಗಿಂತ ದೊಡ್ಡ ತೊಡಕು ನಂಟಸ್ತಿಕೆಯದು. ಶಿರಸಿಯ ಲೇಖಕ ಸಿದ್ದಾಪುರದ ವಿಮರ್ಶಕನಿಗೆ ಯಾವುದಾದರೂ ಒಂದು ಕಡೆಯಿಂದ ಭಾವನೋ ಮಾವನೋ ಆಗಿಯೇ ಇರುತ್ತಾನೆ. ಹತ್ತಿರದವರಾದರೆ ಬರೆಯಬೇಡಿ, ಪರಿಚಯ ಮಾತ್ರವಿದ್ದರೆ ಅದನ್ನು ಹೇಳಿ ಬರೆಯಿರಿ. ಮುಖ ನೋಡಿ ಮಣೆ ಹಾಕಿದ ವಿಮರ್ಶೆ ಎರಡನೇ ಪ್ಯಾರಾಕ್ಕೇ ಸಿಕ್ಕಿಬೀಳುತ್ತದೆ. ಅಲ್ಲಿ ಪುಸ್ತಕ ಕಾಣುವುದಿಲ್ಲ, ಲೇಖಕರ "ಕಾಳಜಿ", "ಉತ್ಸಾಹ", "ಪ್ರಯತ್ನ" ಕಾಣುತ್ತವೆ.

ಮುದ್ರಣ ವಿವರದ ಪುಟವನ್ನು ಗುರುತು ಹಾಕಿಕೊಳ್ಳಿ: ಎಷ್ಟನೇ ಮುದ್ರಣ, ಯಾವ ವರ್ಷ, ಪುಟ, ಬೆಲೆ, ಪ್ರಕಾಶಕರ ಜಾಗದಲ್ಲಿ ಲೇಖಕರದೇ ವಿಳಾಸವೋ ಹೇಗೆ. ಐಎಸ್‌ಬಿಎನ್ ಇದ್ದರೆ 13 ಅಂಕಿ ಇರುತ್ತದೆ, ಭಾರತದ ಪುಸ್ತಕವಾದರೆ ಸಾಮಾನ್ಯವಾಗಿ 978–81 ಅಥವಾ 978–93ರಿಂದ ಶುರುವಾಗುತ್ತದೆ. ಇಲ್ಲದಿದ್ದರೆ ಅದು ದೋಷವೇನಲ್ಲ. ಆದರೆ ಅಂಥ ಪುಸ್ತಕವನ್ನು ಓದುಗ ಹುಡುಕಿ ತೆಗೆಯುವುದು ಕಷ್ಟ, ಎಲ್ಲಿ ಸಿಗುತ್ತದೆ ಎಂದು ನೀವೇ ಬರೆಯಬೇಕಾಗುತ್ತದೆ.

ಮುನ್ನುಡಿಯನ್ನೂ ಬೆನ್ನುಡಿಯನ್ನೂ ಈಗಲೇ ಓದಬೇಡಿ. ಕನ್ನಡದಲ್ಲಿ ಹಿರಿಯರಿಂದ ಮುನ್ನುಡಿ ಬರೆಸುವ ಪದ್ಧತಿಯಿದೆ. ಹಿರಿಯರು ಪ್ರೀತಿಯಿಂದ ಇಡೀ ಕಥೆಯನ್ನು, ಕೊಲೆಗಾರನ ಸಮೇತ, ಅಲ್ಲೇ ಹೇಳಿ ಮುಗಿಸಿರುವುದುಂಟು. ಕಾದಂಬರಿ ಮುಗಿದ ಮೇಲೆ ಓದಿ. ಮುನ್ನುಡಿ ಗುಟ್ಟು ಬಿಟ್ಟುಕೊಟ್ಟಿದ್ದರೆ ವಿಮರ್ಶೆಯಲ್ಲಿ ಓದುಗನನ್ನು ಎಚ್ಚರಿಸಿ.

ಎರಡು ಸಲ ಓದಬೇಕು

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು. ಕಾದಂಬರಿಗೆ ಸಾಲದು. ಡೆಮಿ 1/8 ಅಳತೆಯ ಪುಟದಲ್ಲಿ ಸುಮಾರು 250 ಪದ ಹಿಡಿಯುತ್ತವೆ, 220 ಪುಟದ ಪುಸ್ತಕವೆಂದರೆ 55 ಸಾವಿರ ಪದ. ಮೊದಲ ಓದಿಗೆ ಐದಾರು ತಾಸು, ಎರಡನೆಯದಕ್ಕೆ ಅಷ್ಟೇ ಇಟ್ಟುಕೊಳ್ಳಿ.

ಮೊದಲ ಓದಿಗೆ ಪೆನ್ಸಿಲ್ ಬೇಡ. ಹಳೆಯ ಪೇಪರಿನ ಪಟ್ಟಿಗಳನ್ನು ಹರಿದು ಪಕ್ಕದಲ್ಲಿಟ್ಟುಕೊಳ್ಳಿ. ಪುಸ್ತಕ ಕೆಳಗಿಟ್ಟು ಎದ್ದ ಪ್ರತಿ ಜಾಗದಲ್ಲೂ ಒಂದು ಪಟ್ಟಿ ಸೇರಿಸಿ. ಊಟಕ್ಕೆ ಕರೆದದ್ದಕ್ಕೆ ಎದ್ದರೆ ಪಟ್ಟಿಯ ತುದಿ ಮಡಚಿ, ಬೇಸರ ಬಂದು ಎದ್ದರೆ ನೆಟ್ಟಗೆ ಬಿಡಿ. ಕೊನೆಗೆ ಪುಸ್ತಕದ ಮೇಲಂಚು ನೋಡಿದರೆ ಕಥೆ ಎಲ್ಲಿ ಸಡಿಲವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ. ಹಾರರ್ ಆದರೆ ಎರಡು ಮೂರು ಬೈಠಕ್ಕಿನಲ್ಲಿ ಮುಗಿಸಿ, ಕತ್ತಲಾದ ಮೇಲೆ ಓದಿ. ಬಸ್‌ಸ್ಟ್ಯಾಂಡಿನಲ್ಲಿ ಹತ್ತತ್ತು ಪುಟ ಓದಿ "ಹೆದರಿಕೆ ಆಗಲಿಲ್ಲ" ಎಂದು ಬರೆದರೆ ಅದು ಪುಸ್ತಕದ ತಪ್ಪಲ್ಲ.

ಎರಡನೇ ಓದು ಪೆನ್ಸಿಲ್ಲಿನದು. ಇಲ್ಲಿಂದ ಮುಂದೆ ಪ್ರತಿ ಪ್ರಕಾರಕ್ಕೂ ನೋಡುವ ಕ್ರಮ ಬೇರೆ.

ಹಾರರ್: "ಅಂತೆ" ಎಲ್ಲಿ ಬಿಟ್ಟುಹೋಯಿತು?

ಹೆದರಿಕೆಯನ್ನು ತೂಗಲು ನಮ್ಮಲ್ಲಿ ಹಳೆಯ ತಕ್ಕಡಿಯೊಂದಿದೆ. ನವರಸಗಳಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಮೊದಲನೆಯದರ ಸ್ಥಾಯಿ, ಅಂದರೆ ನೆಲೆ ನಿಂತ ಭಾವ, ಭಯ; ಎರಡನೆಯದರದ್ದು ಜುಗುಪ್ಸೆ. ಕೊಳೆತ ಹೆಣ, ಹುಳ, ರಕ್ತ ಇವೆಲ್ಲ ಬೀಭತ್ಸ. ಮುಚ್ಚಿದ ಬಾಗಿಲಿನ ಆಚೆ ಯಾರೋ ನಿಂತಿದ್ದಾರೆ ಎನ್ನಿಸುವುದು ಭಯಾನಕ. ಎರಡನೇ ಓದಿನಲ್ಲಿ ಅಂಚಿಗೆ "ಭ" ಅಥವಾ "ಬೀ" ಎಂದು ಗುರುತು ಹಾಕುತ್ತಾ ಹೋಗಿ. ಬೀಭತ್ಸ ಕೀಳೇನಲ್ಲ. ಆದರೆ ಮೊದಲ ಅಧ್ಯಾಯದಲ್ಲಿ ಭಯದ ಮಾತು ಕೊಟ್ಟು, ಮುಂದೆ ಬರೀ ಅಸಹ್ಯ ಬಡಿಸಿದರೆ ಲೇಖಕರ ಸರಕು ಖಾಲಿಯಾಗಿದೆ ಎಂದರ್ಥ. ಎಣಿಸಿದ ಗುರುತುಗಳು ನಿಮ್ಮ ಕೈಯಲ್ಲಿರುತ್ತವೆ, ಧೈರ್ಯದಿಂದ ಬರೆಯಬಹುದು.

ಇನ್ನು ಕನ್ನಡಕ್ಕೇ ವಿಶೇಷವಾದ ಒಂದು ಪರೀಕ್ಷೆ. ನಮ್ಮ ದೆವ್ವದ ಕಥೆಗಳೆಲ್ಲ ನಿಂತಿರುವುದು "ಅಂತೆ" ಎಂಬ ಒಂದೇ ಮಾತಿನ ಮೇಲೆ. ಹವ್ಯಕರ ಮನೆಯಲ್ಲಿ ಅದೇ "ಅಡ" ಆಗುತ್ತದೆ. ಮೂರು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ:

"ರಾತ್ರಿ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತದಂತೆ."
"ರಾತ್ರಿ ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳಿತು."
"ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳ ಪಾದ ಹಿಂದುಮುಂದಾಗಿತ್ತು."

ಮೊದಲನೆಯದರಲ್ಲಿ ಹೇಳಿದವರು ಯಾರೋ, ಕಂಡವರು ಯಾರೋ. ನಂಬಿದರೂ ಸರಿ, ಬಿಟ್ಟರೂ ಸರಿ. ಎರಡನೆಯದರಲ್ಲಿ ಸದ್ದು ನಮ್ಮ ಕಿವಿಗೇ ಬಂತು, ಆದರೂ ಅದು ಅಗಸರ ಹೆಂಗಸೋ ಕಲ್ಲಿಗೆ ಬಡಿದ ನೀರೋ ಆಗಿರಬಹುದು. ಮೂರನೆಯದರಲ್ಲಿ ಸಂಶಯ ಸತ್ತುಹೋಯಿತು. ಸಂಶಯ ಸತ್ತ ಮೇಲೆ ಉಳಿಯುವುದು ಓಟ, ಕೂಗು, ತಾಯಿತ. ಆದ್ದರಿಂದ ಪೆನ್ಸಿಲ್ ಹಿಡಿದು, ಈ ಮೂರು ಮೆಟ್ಟಿಲುಗಳನ್ನು ಕಾದಂಬರಿ ಯಾವ ಯಾವ ಪುಟದಲ್ಲಿ ಹತ್ತಿತು ಎಂದು ಬರೆದುಕೊಳ್ಳಿ. ಹೊಸಬರ ಹಾರರ್ ಸೊರಗುವುದಕ್ಕೆ ಬಹುಪಾಲು ಕಾರಣ ಇಲ್ಲೇ ಇರುತ್ತದೆ: 200 ಪುಟದ ಪುಸ್ತಕ 30ನೇ ಪುಟಕ್ಕೇ ಮೂರನೇ ಮೆಟ್ಟಿಲಿಗೆ ಹಾರಿರುತ್ತದೆ. ಉಳಿದ 170 ಪುಟದಲ್ಲಿ ಹೆದರಿಸಲು ಏನೂ ಇರುವುದಿಲ್ಲ, ಹಾಗಾಗಿ ರಕ್ತ ಹೆಚ್ಚುತ್ತದೆ. ವಿಮರ್ಶೆಯಲ್ಲಿ "ಎರಡನೇ ಭಾಗ ನೀರಸ" ಎನ್ನುವ ಬದಲು ಈ ಕಾರಣವನ್ನೇ ಬರೆಯಿರಿ, ಲೇಖಕರಿಗೂ ಕೆಲಸಕ್ಕೆ ಬರುತ್ತದೆ.

ಕೊನೆಗೆ ದೆವ್ವ ನಿಜವೋ, ಯಾರದೋ ಕಿತಾಪತಿಯೋ, ತೀರ್ಮಾನವೇ ಆಗಲಿಲ್ಲವೋ ಎಂಬುದು ಲೇಖಕರ ಇಷ್ಟ. ಅವರು ಆರಿಸಿಕೊಂಡ ಕೊನೆಗೆ ಮೊದಲ ಭಾಗದಲ್ಲಿ ಆಧಾರ ಇಟ್ಟಿದ್ದಾರೆಯೇ ಎಂಬುದಷ್ಟೇ ನಿಮ್ಮ ವಿಷಯ.

ಎರಡನೇ ಪ್ರಶ್ನೆ: ಇವರು ಆ ಮನೆ ಬಿಟ್ಟು ಏಕೆ ಹೋಗುವುದಿಲ್ಲ? ಬೇರೆ ಕಡೆ "ನೆಟ್‌ವರ್ಕ್ ಇರಲಿಲ್ಲ" ಎಂಬುದು ಸೋಮಾರಿ ಲೇಖಕರ ನೆಪ. ಜೋಯಿಡಾದ, ಯಲ್ಲಾಪುರದ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಅದು ದಿನನಿತ್ಯದ ಸತ್ಯ. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋದರೆ ಮನೆ ದ್ವೀಪವೇ ಆಗುತ್ತದೆ. ಹಾಗೆಂದು ಅಷ್ಟಕ್ಕೇ ಬಿಟ್ಟುಕೊಡಬೇಡಿ. ಅಂಥ ಊರಿನವರಿಗೆ ಯಾವ ಗುಡ್ಡದ ನೆತ್ತಿಯಲ್ಲಿ, ಅಂಗಳದ ಯಾವ ಮೂಲೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತದೆ ಎಂಬುದು ಬಾಯಿಪಾಠ. ಊರಿನ ಪಾತ್ರವೇ ಫೋನ್ ಹಿಡಿದು ಮನೆಯೊಳಗೆ ಪರದಾಡಿದರೆ ಲೇಖಕರು ಆ ಊರಲ್ಲಿ ಮಳೆಗಾಲ ಕಳೆದಿಲ್ಲ ಎಂದು ತಿಳಿಯಿರಿ.

ಮೂರನೆಯದು ದೇವರು–ದೆವ್ವಗಳ ವಿಷಯ, ಇಲ್ಲಿ ಸ್ವಲ್ಪ ನಿಷ್ಠುರವಾಗಬೇಕು. ಇತ್ತೀಚೆಗೆ ಕರಾವಳಿ ಎಂದ ಕೂಡಲೇ ಭೂತಕೋಲ ತಂದು ನಿಲ್ಲಿಸುವ ಚಾಳಿ ಬಂದಿದೆ. ಕೋಲ ತುಳುನಾಡಿನ ಆರಾಧನೆ. ಶಿರಸಿ, ಸಿದ್ದಾಪುರದ ಕಾನಿನಂಚಿನಲ್ಲಿ ಕಾಣುವುದು ಚೌಡಿ, ಜಟಕ, ಮಾಸ್ತಿ, ಹುಲಿದೇವರು. ಇವು ಊರನ್ನೂ ತೋಟವನ್ನೂ ಕಾಯುವ ದೈವಗಳು. ಚೌಡಿಯನ್ನು ರಕ್ತ ಹೀರುವ ಪಿಶಾಚಿ ಮಾಡಿದ್ದರೆ ಅದು ಲೇಖಕರ ಆಯ್ಕೆ ಇರಬಹುದು, ಆದರೆ ತಿಳಿದು ಮಾಡಿದ ಆಯ್ಕೆಯೋ ತಿಳಿಯದೆ ಮಾಡಿದ್ದೋ ಎಂಬುದನ್ನು ವಿಮರ್ಶೆ ಹೇಳಬೇಕು. ಹಾಗೆಯೇ ಕಥೆಗೆ ಮಾಟಗಾರ ಬೇಕಾದಾಗಲೆಲ್ಲ ಇಲ್ಲಿನ ಸಮುದಾಯಗಳಿಂದ ಒಬ್ಬ ಸಿದ್ದಿಯನ್ನೋ ಗೌಳಿಯನ್ನೋ ಹಾಲಕ್ಕಿ ಅಜ್ಜಿಯನ್ನೋ ಕರೆದು ತರುವ ಚಾಳಿಯೂ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಹೊಲ–ಕೂಲಿ–ನೌಕರಿಗಳ ಬದುಕಿದೆ. ಆ ಪಾತ್ರಕ್ಕೆ ಮಾಟ ಬಿಟ್ಟು ಬೇರೆ ಯಾವ ಕೆಲಸವನ್ನಾದರೂ ಕಾದಂಬರಿ ಕೊಟ್ಟಿದೆಯೇ ಎಂದು ಹುಡುಕಿ. ಇಲ್ಲವೆಂದರೆ ಹಾಗೇ ಬರೆಯಿರಿ.

ಥ್ರಿಲ್ಲರ್: ಪಂಚಾಂಗ ತೆಗೆದುಕೊಂಡು ಕೂತುಕೊಳ್ಳಿ

ಥ್ರಿಲ್ಲರನ್ನು ಎರಡನೇ ಸಲ ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದಿ. ಕೊಲೆಗಾರ ಯಾರೆಂದು ಗೊತ್ತಿರುವಾಗ ಅವನು ಹಿಂದೆ ಆಡಿದ ಪ್ರತಿ ಮಾತನ್ನೂ ಅಳೆಯಬಹುದು. ಒಂದು ಹಾಳೆಯಲ್ಲಿ ಗೆರೆ ಎಳೆದು ಐದು ಅಂಕಣ ಮಾಡಿ: ಪುಟ, ವಾರ–ತಿಥಿ, ಹೊತ್ತು, ಸ್ಥಳ, ಆ ಹೊತ್ತಿಗೆ ಯಾರಿಗೆ ಏನು ಗೊತ್ತಿತ್ತು. ಕೊನೆಯ ಅಂಕಣವೇ ಮುಖ್ಯ. ಪೊಲೀಸನಿಗೆ 90ನೇ ಪುಟದಲ್ಲಿ ಗೊತ್ತಾದ ವಿಷಯವನ್ನು ಅವನು 74ರಲ್ಲೇ ಬಳಸಿಕೊಂಡಿದ್ದರೆ ಅಲ್ಲಿಗೆ ಕಥೆ ಸೋರಿತು.

ಕಾರವಾರದಲ್ಲಿ ನಡೆಯುವ ಒಂದು ಕಥೆಯನ್ನು ಉದಾಹರಣೆಗೆಂದು ಕಟ್ಟಿಕೊಂಡು ನೋಡೋಣ. ನಿಮ್ಮ ಹಾಳೆ ಹೀಗಿರುತ್ತದೆ:

ಪು. 38: ಶನಿವಾರ, ಅಮಾವಾಸ್ಯೆ. ಸಾಕ್ಷಿ ನಾಪತ್ತೆ.
ಪು. 61: "ನಾಲ್ಕು ದಿನ ಕಳೆದವು." ಹಾಗಾದರೆ ಬುಧವಾರ, ಚೌತಿ.
ಪು. 64: ಅದೇ ರಾತ್ರಿ ಒಂದು ಗಂಟೆ. ಬೆಳದಿಂಗಳಲ್ಲಿ ಕತ್ತಿ ಮಿಂಚಿತು. ದೂರದಿಂದ ನೋಡಿದವನಿಗೆ ಮುಖ ಗುರುತು ಸಿಕ್ಕಿತು.

ಚೌತಿಯ ಚಂದ್ರ ರಾತ್ರಿ ಹತ್ತರ ಆಸುಪಾಸಿಗೇ ಮುಳುಗಿರುತ್ತಾನೆ. ಒಂದು ಗಂಟೆಗೆ ಬೆಳದಿಂಗಳಿಲ್ಲ, ಬೆಳದಿಂಗಳಿಲ್ಲದಿದ್ದರೆ ಮುಖ ಕಾಣಲಿಲ್ಲ, ಮುಖ ಕಾಣದಿದ್ದರೆ ಇಡೀ ಪ್ರಕರಣ ಬಿದ್ದುಹೋಯಿತು. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು, ಇದಕ್ಕೆ ಬೇರೆ ಪಾಂಡಿತ್ಯ ಬೇಡ.

ಚಂದ್ರನದೇ ಇನ್ನೊಂದು ಎಡವಟ್ಟು ಪದೇಪದೇ ಕಾಣುತ್ತದೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಹುಟ್ಟುತ್ತಾನೆ. ನಮ್ಮ ಕಡಲು ಪಶ್ಚಿಮಕ್ಕೆ. ಸಂಜೆ ಏಳಕ್ಕೆ "ಅಲೆಗಳ ನಡುವಿಂದ ಮೇಲೆದ್ದ ಹುಣ್ಣಿಮೆ ಚಂದ್ರ" ಕಾರವಾರದಲ್ಲೂ ಇಲ್ಲ, ಹೊನ್ನಾವರದಲ್ಲೂ ಇಲ್ಲ. ಇಲ್ಲಿ ಅವನು ಘಟ್ಟದ ಹಿಂದಿನಿಂದ ಬಂದು ಬೆಳಗಿನ ಜಾವ ಕಡಲಿಗಿಳಿಯುತ್ತಾನೆ.

ಊರಿನ ವಿಮರ್ಶಕರು ಮಾತ್ರ ಹಿಡಿಯಬಹುದಾದ ಕೆಲವು ಸಂಗತಿಗಳಿವೆ. ಕಡಲು ಏರಿ ತುಂಬುವ ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ರಾತ್ರಿ ಒಂಬತ್ತಕ್ಕೆ ಕಡಲು ತುಂಬಿದ್ದರೆ ನಾಳೆ ರಾತ್ರಿ ತುಂಬುವುದು ಒಂಬತ್ತೂ ಮುಕ್ಕಾಲರ ನಂತರ. ಹೆಣ ದಡಕ್ಕೆ ಬಂದ ಹೊತ್ತಿನ ಮೇಲೆ ಕಥೆ ನಿಂತಿದ್ದರೆ ಇದನ್ನು ಲೆಕ್ಕ ಹಾಕಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಜುಲೈ ಎರಡನೇ ವಾರ ಕಾರವಾರದ ಬೈತಖೋಲ ಬಂದರಿನಿಂದ ಟ್ರಾಲ್ ಬೋಟು ರಾಜಾರೋಷವಾಗಿ ಹೊರಟಿತು ಎಂದರೆ ತಪ್ಪು, ಕದ್ದು ಹೊರಟಿತು ಎಂದರೆ ಅದೇ ಒಂದು ಒಳ್ಳೆಯ ಸುಳಿವು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ, ಹಾಗಾಗಿ 1985ರ ಕಾರವಾರದಲ್ಲಿ ರೈಲು ಇಳಿಯುವಂತಿಲ್ಲ. ಶಿರಸಿಗಂತೂ ರೈಲೇ ಇಲ್ಲ. ಶಿರಸಿಯಿಂದ ಕುಮಟಾಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ನಡುವೆ ದೇವಿಮನೆ ಘಟ್ಟವಿದೆ, ಮಳೆಗಾಲದ ರಾತ್ರಿ ನಲವತ್ತು ನಿಮಿಷದಲ್ಲಿ ಇಳಿಯುವ ನಾಯಕನನ್ನು ನಂಬಬೇಡಿ. ಕಾರವಾರ–ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು, 2025ರ ಕಥೆಯಲ್ಲಿ ಖಳನಾಯಕ ಅದರ ಮೇಲೆ ಕಾರು ಓಡಿಸಬಾರದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022ರಲ್ಲಿ, 2024ರಲ್ಲಿ ಆಯಿತು. ಜಾತ್ರೆ ಇಲ್ಲದ ವರ್ಷದ ಹೋಳಿ ಹಬ್ಬದಲ್ಲಿ ಬೇಡರ ವೇಷದ ಕುಣಿತ. ಜಾತ್ರೆಯ ಜಂಗುಳಿಯಲ್ಲೇ ಬೇಡರ ವೇಷದ ಕೊಲೆಗಾರನನ್ನು ಓಡಿಸಿದ್ದರೆ ದೃಶ್ಯ ಎಷ್ಟೇ ಚೆಂದವಿದ್ದರೂ ಗುರುತು ಹಾಕಿ.

ಕಾನೂನಿನ ಕಡೆ ಒಂದು ದಿನಾಂಕ ನೆನಪಿಟ್ಟರೆ ಸಾಕು: 2024ರ ಜುಲೈ 1. ಅಂದಿನಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದಕ್ಕೂ ಮೊದಲು ನಡೆದ ಕೊಲೆಗೆ ಹಳೆಯ ದಂಡ ಸಂಹಿತೆಯ 302ನೇ ಕಲಂ, ನಂತರದ್ದಕ್ಕೆ ನ್ಯಾಯ ಸಂಹಿತೆಯ 103. ಕೃತ್ಯ ನಡೆದ ದಿನ ಮುಖ್ಯ, ಬಂಧನದ ದಿನವಲ್ಲ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಕಾದಂಬರಿಯ ಇನ್‌ಸ್ಪೆಕ್ಟರ್ ಮೂರು ದಿನ ಠಾಣೆಯಲ್ಲಿ ಕೂರಿಸಿಕೊಂಡರೆ ಅದು ಅಕ್ರಮ ಎಂಬ ಅರಿವು ಕಥೆಗೆ ಇರಬೇಕು.

ಔಷಧ–ವಿಷಗಳಲ್ಲಿ ಎರಡು ಮಾತ್ರ ಹೇಳುತ್ತೇವೆ, ಘಟ್ಟದ ಕಥೆಗಳಲ್ಲಿ ಇವು ತಪ್ಪದೆ ಬರುತ್ತವೆ. ಕರವಸ್ತ್ರದ ಕ್ಲೋರೋಫಾರ್ಮ್ ಕ್ಷಣದಲ್ಲಿ ಎಚ್ಚರ ತಪ್ಪಿಸುವುದಿಲ್ಲ, ನಿಮಿಷಗಳೇ ಬೇಕು. ನಮ್ಮಲ್ಲಿ ಸಿಗುವ ಹಾವಿನ ವಿಷದ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಳಿಂಗ ಕಚ್ಚಿದವನನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ಚುಚ್ಚಿ ಎಬ್ಬಿಸಿ ಕೂರಿಸಿದರೆ ನಂಬಲಾಗದು. ಮಂಗನ ಕಾಯಿಲೆಯನ್ನು ಸಂಚಿಗೆ ಬಳಸುವ ಕಥೆಗಳೂ ಬರುತ್ತಿವೆ. ಅದು ಉಣುಗು ಕಚ್ಚಿ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ. "ಕೆಮ್ಮಿನಿಂದ ಇಡೀ ಶಿರಸಿಗೆ ಹರಡಿತು" ಎಂಬ ಸಾಲಿನ ಮೇಲೆ ಕಥೆ ನಿಂತಿದ್ದರೆ ಅಡಿಪಾಯವೇ ಇಲ್ಲ.

ಇಷ್ಟೆಲ್ಲ ಹಿಡಿದ ಮೇಲೆ ಎಲ್ಲವನ್ನೂ ವಿಮರ್ಶೆಗೆ ತುಂಬಬೇಡಿ, ಓದುಗರಿಗೆ ತಲೆಚಿಟ್ಟು ಹಿಡಿಯುತ್ತದೆ. ಈ ತಪ್ಪು ತಿದ್ದಿದರೆ ಕಥೆ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಬದಲಾಗುವುದಾದರೆ ವಿಮರ್ಶೆಗೆ ಸೇರಿಸಿ. ಬದಲಾಗದಿದ್ದರೆ, ಅಂದರೆ ಆಷಾಢದಲ್ಲಿ ಅಡಿಕೆ ಕೊನೆ ಕೊಯ್ಯುವ ಗೌಡನಂಥದ್ದಾದರೆ, ಪಟ್ಟಿ ಮಾಡಿ ಲೇಖಕರಿಗೆ ಪ್ರತ್ಯೇಕ ಕಳಿಸಿ.

ಫ್ಯಾಂಟಸಿ: ವರಕ್ಕೊಂದು ಷರತ್ತು

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ನಿಯಮ ಗೊತ್ತೇ ಇದೆ. ಹಿರಣ್ಯಕಶಿಪುವಿನ ವರ ನೆನಪಿಸಿಕೊಳ್ಳಿ: ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ಷರತ್ತುಗಳೆಲ್ಲ ಮೊದಲೇ ಸಭೆಯ ಮುಂದಿವೆ. ನರಸಿಂಹ ಹೊಸ್ತಿಲ ಮೇಲೆ ಮುಸ್ಸಂಜೆಗೆ ಕೂತಾಗ ಯಾರಿಗೂ ಮೋಸವಾಗಲಿಲ್ಲ, ಎಲ್ಲರಿಗೂ ಆಶ್ಚರ್ಯವಾಯಿತು. ಹೊಸ ಫ್ಯಾಂಟಸಿಯಲ್ಲೂ ಅದನ್ನೇ ನೋಡಿ. ನಾಯಕಿಯನ್ನು ಕೊನೆಗೆ ಉಳಿಸಿದ ಶಕ್ತಿ ಮೊದಲ ಸಲ ಯಾವ ಪುಟದಲ್ಲಿ ಕಾಣಿಸಿತು? ಅದನ್ನು ಬಳಸಿದವರು ಏನು ತೆತ್ತರು? ಎದುರಾಳಿಗೂ ಅದು ಸಿಗುವಂತಿದ್ದರೆ ಅವನು ಏಕೆ ಬಳಸಲಿಲ್ಲ? ಮಣಿ 12ನೇ ಪುಟದಲ್ಲಿ ಸಿಕ್ಕು 240ರಲ್ಲಿ ಕೆಲಸಕ್ಕೆ ಬಂದರೆ ಸರಿ. 236ರಲ್ಲಿ ಸಿಕ್ಕಿ 240ರಲ್ಲಿ ಉಳಿಸಿದರೆ ಅದು ಲೇಖಕರ ಕೈ.

ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡಿ. ಒಂದೇ ಅಕ್ಷರದಿಂದ ಶುರುವಾಗುವ ನಾಲ್ಕು ರಾಜಕುಮಾರರಿದ್ದರೆ ಓದುಗ ದಾರಿ ತಪ್ಪುತ್ತಾನೆ. ಭಾಷೆಯನ್ನೂ ಗಮನಿಸಿ: ಸಭೆಯಲ್ಲಿ "ಮಹಾಪ್ರಭು" ಎಂದವನು ಮುಂದಿನ ಪುಟದಲ್ಲಿ "ಓಕೆ" ಎಂದರೆ ಲೋಕ ಒಡೆಯುತ್ತದೆ. ಹಾಸ್ಯಗಾರ ಹಾಗೆನ್ನಬಹುದು, ಮೇಳದಲ್ಲಿ ಅವನಿಗೆ ಮೊದಲಿಂದಲೂ ಆ ರಿಯಾಯಿತಿ ಇದೆ.

ಅಚ್ಚು, ಕಾಗುಣಿತ, ಧಾರಾವಾಹಿಯ ಗಾಯಗಳು

ಸ್ವಂತ ಪ್ರಕಾಶನದಲ್ಲಿ ಮೊದಲು ಕತ್ತರಿ ಬೀಳುವುದು ಕರಡು ತಿದ್ದುವವರ ಕೂಲಿಗೆ. ಮುಖಪುಟಕ್ಕೆ ದುಡ್ಡು ಸುರಿದು ಒಳಗೆ ಪುಟಕ್ಕೆ ನಾಲ್ಕು ತಪ್ಪಿದ್ದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅಂದಾಜಿನಲ್ಲಿ "ತುಂಬ ತಪ್ಪುಗಳಿವೆ" ಎನ್ನಬೇಡಿ. ಅಲ್ಲಲ್ಲಿ ಹತ್ತು ಪುಟ ಆರಿಸಿ ಎಣಿಸಿ. ಹತ್ತರಲ್ಲಿ ಐದಾರು ತಪ್ಪಿದ್ದರೆ ಮಾತೆತ್ತುವ ಅಗತ್ಯವಿಲ್ಲ. ಮೂವತ್ತಿದ್ದರೆ ಸಂಖ್ಯೆ ಸಮೇತ ಹೇಳಿ.

ಎಣಿಸುವಾಗ ಮೂರನ್ನು ಬೇರೆ ಬೇರೆ ಇಡಿ. ಲ–ಳ, ನ–ಣ, ಅ–ಹ ಅದಲುಬದಲಾದದ್ದು ಬರಹದ ತಪ್ಪು. ಇ–ಪುಸ್ತಕದಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿದ್ದರೆ, ದೀರ್ಘದ ಜಾಗದಲ್ಲಿ ವಿಚಿತ್ರ ರೋಮನ್ ಚಿಹ್ನೆ ಕೂತಿದ್ದರೆ ಅದು "ನುಡಿ" ಅಥವಾ "ಬರಹ" ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಆದ ಗಾಯ. ಬರೆದವರಿಗೆ ಕಾಗುಣಿತ ಬರುವುದಿಲ್ಲ ಎನ್ನಬೇಡಿ, ಇ–ಪ್ರತಿ ಹೀಗಿದೆ ಎಂದು ಮಾತ್ರ ಹೇಳಿ. ಮೂರನೆಯದು ತಪ್ಪೇ ಅಲ್ಲ: ಶಿರಸಿಯ ಅಜ್ಜ "ಬೈಂದ" ಎಂದರೆ ಅದು "ಬಂದಿದ್ದಾನೆ" ಎಂಬುದರ ಅಚ್ಚಿನ ದೋಷವಲ್ಲ. ಅಲ್ಲಿ ನೋಡಬೇಕಾದದ್ದು ಅದೇ ಅಜ್ಜ ಹತ್ತು ಪುಟ ಕಳೆದ ಮೇಲೂ ಹಾಗೇ ಮಾತಾಡುತ್ತಾನೆಯೇ ಎಂಬುದನ್ನು.

ಪ್ರತಿಲಿಪಿಯಂಥ ಕಥೆಗಳ ಜಾಲತಾಣದಲ್ಲಿ ಕಂತುಕಂತಾಗಿ ಬಂದು ಆಮೇಲೆ ಪುಸ್ತಕವಾದ ಕಥೆಗಳಿಗೆ ಒಂದು ಲಕ್ಷಣ ಇರುತ್ತದೆ. ಪ್ರತಿ ಅಧ್ಯಾಯವೂ ಬಾಗಿಲು ಬಡಿದ ಸದ್ದಿಗೆ ಮುಗಿಯುತ್ತದೆ, ಮುಂದಿನದರ ಮೊದಲ ಪ್ಯಾರಾ ಹಿಂದಿನದನ್ನು ಮತ್ತೆ ಹೇಳುತ್ತದೆ. ದಿನಕ್ಕೊಂದು ಕಂತು ಓದುವವರಿಗೆ ಅದು ಬೇಕು, ಒಟ್ಟಿಗೆ ಓದುವವರಿಗೆ ಕಲ್ಲು ಸಿಕ್ಕಿದ ಹಾಗೆ. ಪುಸ್ತಕ ಮಾಡುವಾಗ ಇದನ್ನು ತೆಗೆದಿದ್ದಾರೆಯೇ ನೋಡಿ.

ಬರೆಯಲು ಕೂತಾಗ

ಪತ್ರಿಕೆಗಾದರೆ 600ರಿಂದ 800 ಪದ, ಪುಸ್ತಕ ಮಾರುವ ತಾಣದಲ್ಲಾದರೆ 150–200 ಸಾಕು. ಕಥಾಸಾರ ಕಾಲುಭಾಗ ಮೀರಬಾರದು, ಪುಸ್ತಕದ ಮೊದಲ ಕಾಲುಭಾಗವನ್ನು ದಾಟಿ ಹೋಗಲೂಬಾರದು. "ಕೊನೆಗೊಂದು ಊಹಿಸಲಾಗದ ತಿರುವು ಇದೆ" ಎಂಬುದೂ ಗುಟ್ಟು ಒಡೆದಂತೆಯೇ, ಓದುಗ ಆ ಕ್ಷಣದಿಂದ ಎಲ್ಲರನ್ನೂ ಅನುಮಾನಿಸುತ್ತಾನೆ. ಕೊನೆಯ ಬಗ್ಗೆ ಹೇಳಲೇಬೇಕಿದ್ದರೆ ಅದು ನ್ಯಾಯವಾಗಿ ಬಂತೋ ಇಲ್ಲವೋ ಎಂಬಷ್ಟೇ ಹೇಳಿ. ವಿಮರ್ಶೆಗಾಗಿ ಸಾಲುಗಳನ್ನು ಉದ್ಧರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ, ಆದರೆ ಇಷ್ಟೇ ಪದ ಎಂಬ ಲೆಕ್ಕ ಅದರಲ್ಲಿಲ್ಲ. ನಲವತ್ತು ಐವತ್ತು ಪದದ ಎರಡು ಮೂರು ತುಣುಕು ಸಾಕಾಗುತ್ತವೆ. ಮುದ್ರಣಪೂರ್ವ ಪಿಡಿಎಫ್‌ನಿಂದ ಎತ್ತಿದ ಸಾಲನ್ನು ಅಚ್ಚಾದ ಪುಸ್ತಕದೊಂದಿಗೆ ತಾಳೆ ನೋಡದೆ ಹಾಕಬೇಡಿ.

ಕೆಳಗಿನ ಎರಡು ಪ್ಯಾರಾ ಹೋಲಿಸಿ. ಪುಸ್ತಕ ಇಲ್ಲಿಯೂ ಕಲ್ಪಿತವೇ.

"ಕರಾವಳಿಯ ಬದುಕನ್ನು ಲೇಖಕರು ಅದ್ಭುತವಾಗಿ ಕಟ್ಟಿಕೊಟ್ಟಿದ್ದಾರೆ. ಕಥೆ ಓದುಗರನ್ನು ಹಿಡಿದಿಡುತ್ತದೆ. ಅಲ್ಲಲ್ಲಿ ನಿಧಾನವೆನಿಸಿದರೂ ಒಟ್ಟಾರೆ ಒಂದು ಉತ್ತಮ ಪ್ರಯತ್ನ."

"ಮೊದಲ ನೂರು ಪುಟ ಬಿಗಿಯಾಗಿವೆ. ಬಂದರಿನಲ್ಲಿ ಮೀನಿನ ಹರಾಜು ಕೂಗುವ ದೃಶ್ಯದಲ್ಲೇ (ಪು. 22) ಮೂವರು ಶಂಕಿತರೂ ನಮ್ಮ ಕಣ್ಣೆದುರು ಹಾದುಹೋಗುತ್ತಾರೆ, ಆಗ ಅದು ಗೊತ್ತಾಗುವುದಿಲ್ಲ. 104ರ ನಂತರ ಇನ್‌ಸ್ಪೆಕ್ಟರ್ ತಾನಾಗಿ ಕಂಡುಹಿಡಿಯುವುದು ಕಡಿಮೆ: ಐದು ಸುಳಿವುಗಳಲ್ಲಿ ನಾಲ್ಕು ಅವನಿಗೆ ಫೋನಿನಲ್ಲಿ ಬರುತ್ತವೆ. ಹಾಗಾಗಿ ಕೊನೆಯ ಬಂಧನ ಬೆರಗು ಹುಟ್ಟಿಸುತ್ತದೆ, ಒಪ್ಪಿಗೆಯಾಗುವುದಿಲ್ಲ."

ಮೊದಲನೆಯದನ್ನು ಯಾವ ಪುಸ್ತಕಕ್ಕೂ ಅಂಟಿಸಬಹುದು. ಎರಡನೆಯದು ಒಂದೇ ಪುಸ್ತಕಕ್ಕೆ ಹೊಂದುತ್ತದೆ, ಅದರಲ್ಲಿರುವ ಹೊಗಳಿಕೆಗೂ ಬೆಲೆಯಿದೆ. "ಪ್ರಯತ್ನ" ಎಂಬ ಪದವನ್ನು ವಿಮರ್ಶೆಯಿಂದ ಹೊಡೆದುಹಾಕಿ. ಓದುಗ ದುಡ್ಡು ಕೊಟ್ಟದ್ದು ಪುಸ್ತಕಕ್ಕೆ.

ನಕ್ಷತ್ರ ಕೊಡಲೇಬೇಕಾದ ತಾಣದಲ್ಲಿ ಮೊದಲು ಬರೆದು ಮುಗಿಸಿ, ಆಮೇಲೆ ನಕ್ಷತ್ರ ಒತ್ತಿ. ತಿರುವುಮುರುವಾದರೆ ಬರಹ ನಕ್ಷತ್ರಕ್ಕೆ ಸಮರ್ಥನೆ ಹುಡುಕಲು ಹೊರಡುತ್ತದೆ.

ಕಳಿಸಿದ ಮೇಲೆ

ಲೇಖಕರ ಫೋನ್ ಬಂದೇ ಬರುತ್ತದೆ, ಊರು ಸಣ್ಣದು. ನೀವು ಬರೆದ ಪುಟಸಂಖ್ಯೆಯೋ ಹೆಸರೋ ತಪ್ಪಿದ್ದರೆ ಅಂದೇ ತಿದ್ದಿ, ತಿದ್ದಿದ್ದೇನೆಂದು ಕೆಳಗೆ ಬರೆಯಿರಿ. ಅಭಿಪ್ರಾಯ ಬದಲಿಸಿ ಎಂದರೆ ಆಗುವುದಿಲ್ಲ ಎನ್ನಿ. ಕಾರಣ ಕೇಳಿದರೆ ನಿಮ್ಮ ಐದು ಅಂಕಣದ ಹಾಳೆಯ ಫೋಟೋ ತೆಗೆದು ಕಳಿಸಿಬಿಡಿ, ವಾದಕ್ಕಿಂತ ಅದು ಬೇಗ ಮುಗಿಯುತ್ತದೆ. ಆ ಹಾಳೆಯನ್ನು ಪುಸ್ತಕದೊಳಗೇ ಮಡಚಿಡಿ. ಬೇಡಿಕೆಗೆ ತಕ್ಕಂತೆ ಐವತ್ತು ನೂರು ಪ್ರತಿ ಅಚ್ಚು ಹಾಕಿಸುವ ಲೇಖಕರು ಪ್ರತಿ ಸಲವೂ ಕಡತ ತಿದ್ದಬಹುದು. ಎರಡನೇ ಮುದ್ರಣ ಕೈಗೆ ಬಂದಾಗ ಮೊದಲು ತೆಗೆಯಬೇಕಾದದ್ದು ಆ ಚೌತಿಯ ರಾತ್ರಿಯ 64ನೇ ಪುಟ. ಅಲ್ಲಿ ಬೆಳದಿಂಗಳು ಹೋಗಿ ಟಾರ್ಚು ಬಂದಿದ್ದರೆ ನಿಮ್ಮ ಹಳೆಯ ವಿಮರ್ಶೆಯ ಕೆಳಗೆ ಮುದ್ರಣದ ವರ್ಷ ಹಾಕಿ ಒಂದು ಸಾಲು ಸೇರಿಸಿ.